ಮುಲುಂಡಿನ ಕೆಸರಿಗೂ ಒಂದು ಪಂಚನಾಮೆ ಆಗಲಿ

ಮುಂಬಯಿಯ ಪೂರ್ವ ಅಂಚಿನ ಉಪ್ಪಿನ ಆಗರಗಳ ಮೇಲೆ ಮನೆ ಕಟ್ಟಬೇಕೇ ಬೇಡವೇ ಎಂಬ ಜಗಳದಲ್ಲಿ ಎರಡೇ ದನಿಗಳು ಕೇಳಿಸುತ್ತಿವೆ. ಬಡವರಿಗೆ ಮನೆ ಬೇಕು ಎನ್ನುವವರದು ಒಂದು, ಫ್ಲೆಮಿಂಗೊ ಹಕ್ಕಿಗಳು ಉಳಿಯಬೇಕು ಎನ್ನುವವರದು ಇನ್ನೊಂದು. ಎರಡೂ ಕಡೆ ನ್ಯಾಯವಿದೆ. ನಾನು ಮಾತಾಡಲು ಹೊರಟಿರುವುದು ಮಾತ್ರ ಕೆಸರಿನ ಪರವಾಗಿ. ಕೆಸರು ಫೋಟೊದಲ್ಲಿ ಚೆಂದ ಕಾಣುವುದಿಲ್ಲ, ಅದಕ್ಕಾಗಿ ಯಾರೂ ಫಲಕ ಹಿಡಿದು ಆಝಾದ್ ಮೈದಾನಕ್ಕೆ ಹೋಗುವುದೂ ಇಲ್ಲ.

2024ರಲ್ಲಿ ಮುಲುಂಡ್, ಭಾಂಡುಪ್, ಕಾಂಜುರ್‌ಮಾರ್ಗ್‌ಗಳಲ್ಲಿರುವ 255.9 ಎಕರೆ ಉಪ್ಪಿನ ಜಮೀನನ್ನು ಧಾರಾವಿ ಪುನರ್ವಿಕಾಸದ ಬಾಡಿಗೆ ಮನೆಗಳಿಗಾಗಿ ಕೊಡಲು ಕೇಂದ್ರವೂ ರಾಜ್ಯವೂ ಒಪ್ಪಿದವು. ಹೆದ್ದಾರಿ ಅಡ್ಡ ಬಂದ ಮೇಲೆ ಅಲ್ಲಿಗೆ ಉಬ್ಬರದ ನೀರು ತಲುಪುವುದಿಲ್ಲ, ಉಪ್ಪು ತೆಗೆಯುವುದು ನಿಂತು ವರ್ಷಗಳೇ ಆದವು, ಇನ್ನು ಅದು ಯಾತಕ್ಕೂ ಬಾರದ ನೆಲ ಎಂಬುದು ಯೋಜನೆಯ ಪರವಾಗಿ ಕೇಳಿಬರುವ ವಾದ. ಆ ಕೊನೆಯ ಮಾತನ್ನು ಒಪ್ಪಲು ನನ್ನಿಂದಾಗದು. ಮೆರ್ಸಾಸಿಡಿನ್ ಎಂಬ ಆಂಟಿಬಯಾಟಿಕ್ ಸಿಕ್ಕಿದ್ದು ಮುಲುಂಡಿನ ಉಪ್ಪಿನ ಆಗರದ ಮಣ್ಣಿನಲ್ಲೇ.

ಈ ಕತೆ ಮುಲುಂಡಿನವರಿಗೇ ಹೆಚ್ಚು ತಿಳಿದಿಲ್ಲ. ಅಲ್ಲಿ ಹಿಂದೆ ಹೆಕ್ಸ್ಟ್ ಎಂಬ ಜರ್ಮನ್ ಔಷಧಿ ಕಂಪನಿಯ ಸಂಶೋಧನಾ ಕೇಂದ್ರವಿತ್ತು. ಅಲ್ಲಿಯ ವಿಜ್ಞಾನಿಗಳು ಮಣ್ಣು ತಂದು, ಅದರೊಳಗಿನ ಸೂಕ್ಷ್ಮಜೀವಿಗಳನ್ನು ಒಂದೊಂದಾಗಿ ಬೇರ್ಪಡಿಸಿ ಬೆಳೆಸಿ, ಯಾವುದರ ರಸ ಯಾವ ರೋಗಾಣುವನ್ನು ಕೊಲ್ಲುತ್ತದೆ ಎಂದು ನೋಡುತ್ತಿದ್ದರು. 1987ರಲ್ಲಿ ಅವರು ಪ್ರಕಟಿಸಿದ ಒಂದು ಶಿಲೀಂಧ್ರನಾಶಕಕ್ಕೆ ಮುಲುಂಡೊಕ್ಯಾಂಡಿನ್ ಎಂದೇ ಹೆಸರಿಟ್ಟರು. 1992ರಲ್ಲಿ ಮೆರ್ಸಾಸಿಡಿನ್ ಬಗ್ಗೆ ಬರೆದರು. ಅದನ್ನು ತಯಾರಿಸುವುದು ಬ್ಯಾಸಿಲಸ್ ಕುಲದ ಒಂದು ಬ್ಯಾಕ್ಟೀರಿಯ. ಕಡತದಲ್ಲಿ ಅದರ ಹೆಸರು ಎಚ್‌ಐಎಲ್ ವೈ-85,54728. ಇಪ್ಪತ್ತು ಅಮೈನೊ ಆಮ್ಲಗಳ ಸಣ್ಣ ಸರಪಳಿ ಈ ಮೆರ್ಸಾಸಿಡಿನ್. ಆದರೆ ಎಂಆರ್‌ಎಸ್‌ಎ ಎಂಬ ಹೆಸರಿನಿಂದ ಆಸ್ಪತ್ರೆಗಳನ್ನು ನಡುಗಿಸುವ ಸ್ಟ್ಯಾಫಿಲೊಕಾಕಸ್ ಇದರ ಮುಂದೆ ನಿಲ್ಲಲಿಲ್ಲ. ಆ ಬ್ಯಾಕ್ಟೀರಿಯ ತನ್ನ ಕೋಶದ ಗೋಡೆ ಕಟ್ಟಲು ಬಳಸುವ ಸಾಮಗ್ರಿಯನ್ನೇ ಮೆರ್ಸಾಸಿಡಿನ್ ಹಿಡಿದುಕೊಂಡುಬಿಡುತ್ತದೆ. ವ್ಯಾಂಕೊಮೈಸಿನ್ ಎಂಬ ಹೆಸರಾಂತ ಔಷಧಿ ಹಿಡಿಯುವುದೂ ಅದೇ ಸಾಮಗ್ರಿಯನ್ನು, ಆದರೆ ಬೇರೆ ಕಡೆಯಲ್ಲಿ. ಅಂದರೆ ವ್ಯಾಂಕೊಮೈಸಿನ್‌ಗೆ ಬಗ್ಗದ ರೋಗಾಣುವಿಗೂ ಇದೊಂದು ದಾರಿ. ಇದನ್ನೆಲ್ಲ ಬಿಡಿಸಿ ತೋರಿಸಿದವರು ಜರ್ಮನಿಯ ಬಾನ್ ವಿಶ್ವವಿದ್ಯಾಲಯದವರು. 2004ರಲ್ಲಿ ಇಲಿಗಳ ಮೂಗಿನಲ್ಲಿ ಬೀಡುಬಿಟ್ಟ ಎಂಆರ್‌ಎಸ್‌ಎಯನ್ನು ಮೆರ್ಸಾಸಿಡಿನ್ ಪೂರ್ತಿ ತೊಡೆದುಹಾಕಿತೆಂಬ ವರದಿಯೂ ಬಂತು.

ಅಷ್ಟಾಗಿಯೂ ಅದು ಔಷಧಿ ಅಂಗಡಿಗೆ ಬರಲಿಲ್ಲ. 1998ರಲ್ಲಿ ಆ ಸಂಶೋಧನಾ ಕೇಂದ್ರ ನಿಕೋಲಸ್ ಪಿರಮಲ್ ಕಂಪನಿಯ ಕೈಗೆ ಹೋಯಿತು. ಮುಲುಂಡಿನ ಬ್ಯಾಕ್ಟೀರಿಯ ಈಗ ವಿಜ್ಞಾನ ಪತ್ರಿಕೆಗಳಲ್ಲಿ ಬದುಕಿದೆ.

ನಾನು ವಿಜ್ಞಾನಿಯಲ್ಲ. ಕುಮಟೆಯ ಕಡೆಯಿಂದ ಮದುವೆಯಾಗಿ ಬೈಕುಲ್ಲಾಕ್ಕೆ ಬಂದು, ಲ್ಯಾಬ್ ತಂತ್ರಜ್ಞರ ಡಿಎಂಎಲ್‌ಟಿ ಡಿಪ್ಲೊಮಾ ಮುಗಿಸಿ, ಇಲ್ಲಿಯ ಒಂದು ಪ್ಯಾಥಾಲಜಿ ಲ್ಯಾಬಿನ ಮೈಕ್ರೊಬಯಾಲಜಿ ವಿಭಾಗದಲ್ಲಿ ನಿವೃತ್ತಿಯವರೆಗೂ ದುಡಿದವಳು. ಕಲ್ಚರ್ ಹಾಕುವುದು, ಮರುದಿನ ಓದುವುದು, ವರದಿ ಬರೆಯುವುದು, ಅಷ್ಟೇ ನನ್ನ ಕೆಲಸ. ರೋಗಿಯ ಮೂತ್ರವೋ ಕೀವೋ ರಕ್ತವೋ ಬರುತ್ತದೆ. ಅದರಲ್ಲಿ ಬೆಳೆದ ಬ್ಯಾಕ್ಟೀರಿಯವನ್ನು ಅಗಾರ್ ತಟ್ಟೆಯ ಮೇಲೆ ಸಮನಾಗಿ ಹರಡಿ, ಆಂಟಿಬಯಾಟಿಕ್ ಹೀರಿದ ಕಾಗದದ ಪುಟ್ಟ ಬಿಲ್ಲೆಗಳನ್ನು ಚಿಮಟದಿಂದ ಅಲ್ಲಲ್ಲಿ ಇಟ್ಟು, 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ರಾತ್ರಿಯಿಡೀ ಬಿಡುತ್ತೇವೆ. ಬೆಳಿಗ್ಗೆ ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿ ವೃತ್ತ ಕಂಡರೆ ಅದರ ಅಡ್ಡಳತೆಯನ್ನು ಮಿಲಿಮೀಟರಿನಲ್ಲಿ ಅಳೆಯುತ್ತೇವೆ. ಸಾಕಷ್ಟು ಅಗಲವಿದ್ದರೆ ಆ ಔಷಧಿಯ ಮುಂದೆ ಎಸ್, ಅಂದರೆ ಕೆಲಸ ಮಾಡುತ್ತದೆ. ಇಲ್ಲವಾದರೆ ಆರ್, ಅಂದರೆ ಬ್ಯಾಕ್ಟೀರಿಯ ಅದಕ್ಕೆ ಜಗ್ಗುವುದಿಲ್ಲ. (ಆ ಅಗಾರ್ ಕೂಡ ಕಡಲಿನದೇ, ಕೆಂಪು ಪಾಚಿಯಿಂದ ತೆಗೆದದ್ದು. ರಮ್ಜಾನಿನಲ್ಲಿ ನಮ್ಮ ಬೈಕುಲ್ಲಾದ ಕಿರಾಣಿ ಅಂಗಡಿಗಳಲ್ಲಿ ಪುಡಿಂಗಿಗೆಂದು ಮಾರುವ ಚೈನಾ ಗ್ರಾಸ್ ಅದರ ಅಕ್ಕತಂಗಿ.)

ಕೆಲಸಕ್ಕೆ ಸೇರಿದ ಹೊಸತರಲ್ಲಿ ವರದಿಯ ಹಾಳೆಯಲ್ಲಿ ಎಸ್‌ಗಳದೇ ಸಾಲು. ಒಂದೆರಡು ಆರ್ ಬಂದರೆ ಡಾಕ್ಟರು ಹುಬ್ಬು ಗಂಟಿಕ್ಕುತ್ತಿದ್ದರು. ಕೊನೆಯ ವರ್ಷಗಳಲ್ಲಿ ಐಸಿಯುದಿಂದ ಬಂದ ಕ್ಲೆಬ್ಸಿಯೆಲ್ಲಾ ಎಂಬ ರೋಗಾಣುವಿನ ತಟ್ಟೆಗಳಲ್ಲಿ ಬಿಲ್ಲೆಯ ಅಂಚಿಗೆ ತಾಗಿಕೊಂಡೇ ಬ್ಯಾಕ್ಟೀರಿಯ ಹಾಸಿರುತ್ತಿತ್ತು. ಕೊನೆಗೆ ಉಳಿಯುತ್ತಿದ್ದದ್ದು ಕೊಲಿಸ್ಟಿನ್. ಮೂತ್ರಪಿಂಡಕ್ಕೆ ಹಾನಿ ಎಂದು ಒಂದು ತಲೆಮಾರಿನ ವೈದ್ಯರು ಬದಿಗಿಟ್ಟಿದ್ದ ಹಳೆಯ ಔಷಧಿ, ಬೇರೆ ಗತಿಯಿಲ್ಲದೆ ಮತ್ತೆ ಬಂದದ್ದು. ಎಳೆಯ ವಯಸ್ಸಿನ ರೆಸಿಡೆಂಟ್ ಡಾಕ್ಟರು ವಾರ್ಡಿನಿಂದ ಫೋನು ಮಾಡಿ, "ಮ್ಯಾಡಂ, ಕುಛ್ ಭೀ ಸೆನ್ಸಿಟಿವ್ ಹೈ ಕ್ಯಾ?" ಎಂದು ಕೇಳುವಾಗ ಅವರ ದನಿಯಲ್ಲೇ ರೋಗಿಯ ಸ್ಥಿತಿ ತಿಳಿಯುತ್ತಿತ್ತು. 2019 ಒಂದೇ ವರ್ಷದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂತಾರಾಷ್ಟ್ರೀಯ ಅಂದಾಜು ಹೇಳುತ್ತದೆ. ಭಾರತದ ಪಾಲು ಮೂರು ಲಕ್ಷಕ್ಕೆ ಹತ್ತಿರ. ನನಗೆ ಆ ಅಂಕಿಯಲ್ಲಿ ಅಚ್ಚರಿಯೇನೂ ಕಾಣಲಿಲ್ಲ.

ಈ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬೈಯುವುದು ರೋಗಿಯನ್ನು. ಕೋರ್ಸು ಮುಗಿಸುವುದಿಲ್ಲ, ಅಂಗಡಿಯಲ್ಲಿ ಚೀಟಿಯಿಲ್ಲದೆ ಎರಡು ಮಾತ್ರೆ ಕೇಳಿ ತಿನ್ನುತ್ತಾರೆ, ಇತ್ಯಾದಿ. ಸುಳ್ಳಲ್ಲ. ಆದರೆ ಎಷ್ಟೇ ಶಿಸ್ತಾಗಿ ನುಂಗಿದರೂ ಬ್ಯಾಕ್ಟೀರಿಯ ಇಂದಲ್ಲ ನಾಳೆ ದಾರಿ ಹುಡುಕಿಕೊಳ್ಳುತ್ತದೆ, ನಿಧಾನವಾಗಿ ಅಷ್ಟೇ. ಹೊಸ ಔಷಧಿ ಬರುತ್ತಲೇ ಇರಬೇಕು. ಬರುವುದು ನಿಂತದ್ದು ಏಕೆ ಎಂಬ ಪ್ರಶ್ನೆಯನ್ನು ಯಾರೂ ಮಾತ್ರೆ ನುಂಗುವವನಿಗೆ ಕೇಳುವಂತಿಲ್ಲ.

ಬೈಕುಲ್ಲಾದಲ್ಲಿ ವಾಸಿಸುವವರಿಗೆ ಇನ್ನೊಂದು ಕಾಲ ನೆನಪಾಗಬೇಕು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ಬ್ಯಾಕ್ಟೀರಿಯ ವಿಜ್ಞಾನಿ ವಾಲ್ಡೆಮರ್ ಹಾಫ್‌ಕಿನ್‌ಗೆ ಜೆ.ಜೆ. ಆಸ್ಪತ್ರೆಯ ಆವರಣದ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಲಸಿಕೆ ತಯಾರಿಸಲು ಒಂದು ಸಣ್ಣ ಜಾಗ ಕೊಟ್ಟರು. ಜೊತೆಗೆ ಒಬ್ಬ ಕಾರಕೂನ, ಮೂವರು ಜವಾನರು. ಆತ ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟು ಪ್ಲೇಗಿನ ಬ್ಯಾಕ್ಟೀರಿಯ ಬೆಳೆಸಿದ. ತುಪ್ಪದ ಹನಿಯ ಅಡಿಯಿಂದ ಅದು ಬಿಳಲು ಬಿಟ್ಟಂತೆ ಕೆಳಕ್ಕೆ ಇಳಿಯುತ್ತಿತ್ತಂತೆ. ಆ ದೃಶ್ಯ ನೋಡಲು ಯಾವ ಲ್ಯಾಬಿನವರೂ ಏನು ಬೇಕಾದರೂ ಕೊಟ್ಟಾರು. 1897ರ ಜನವರಿ 10ರಂದು ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡ. ಅದೇ ತಿಂಗಳು ಬೈಕುಲ್ಲಾ ಜೈಲಿಗೆ ಪ್ಲೇಗ್ ಹೊಕ್ಕಾಗ ಮುಂದೆ ಬಂದ ಕೈದಿಗಳಿಗೆ ಹಾಕಿದ. ಚುಚ್ಚಿಸಿಕೊಂಡವರಲ್ಲಿ ರೋಗ ತೀರ ಕಡಿಮೆಯಾಯಿತು. (ಕೈದಿಯ ಒಪ್ಪಿಗೆಗೆ ಎಷ್ಟು ಬೆಲೆ ಎಂದು ಇಂದಿನ ನೈತಿಕ ಸಮಿತಿ ಕೇಳಿಯೇ ಕೇಳುತ್ತದೆ, ಕೇಳಲೇಬೇಕು.) 1899ರಲ್ಲಿ ಆತನ ಲ್ಯಾಬು ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಹೋಗಿ ಪ್ಲೇಗ್ ಪ್ರಯೋಗಾಲಯವಾಯಿತು, ಇಂದಿನ ಹಾಫ್‌ಕಿನ್ ಸಂಸ್ಥೆ.

ಆಗ ಈ ಕೆಲಸಕ್ಕೆ ದುಡ್ಡು ಹಾಕಿದ್ದು ಸರ್ಕಾರ. ಲಾಭ ಬರುತ್ತದೆಯೇ ಎಂದು ಯಾರೂ ಲೆಕ್ಕ ಕೇಳಲಿಲ್ಲ, ಊರು ಸಾಯುತ್ತಿತ್ತು. ಸ್ವಾತಂತ್ರ್ಯದ ನಂತರವೂ ಸ್ವಲ್ಪ ಕಾಲ ಅದೇ ಬುದ್ಧಿ ಉಳಿದಿತ್ತು. 1954ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಪುಣೆಯ ಬಳಿ ಪಿಂಪ್ರಿಯಲ್ಲಿ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಶುರುವಾಯಿತು. ಪೆನಿಸಿಲಿನ್ ತಯಾರಿಸುವುದಷ್ಟೇ ಅಲ್ಲ, ಅಲ್ಲಿ ಹೊಸತನ್ನು ಹುಡುಕುವ ವಿಭಾಗವೂ ಇತ್ತು. ಅದರ ಮುಂದಾಳು ನಮ್ಮ ಮೈಸೂರು ನಾಡಿನ ಮಂಡಯಂ ಜೀರಸನ್ನಿಧಿ ತಿರುಮಲಾಚಾರ್. ಗಿಡಗಳ ರೋಗ, ಶಿಲೀಂಧ್ರಗಳ ಅಧ್ಯಯನದಲ್ಲಿ ಹೆಸರು ಮಾಡಿದ್ದ ಅವರು ಪಿಂಪ್ರಿಯ ಮಣ್ಣಿನಲ್ಲಿ ಒಂದು ಸ್ಟ್ರೆಪ್ಟೊಮೈಸಿಸ್ ಕಂಡು ಅದಕ್ಕೆ ಪಿಂಪ್ರಿನಾ ಎಂದು ಹೆಸರಿಟ್ಟರು. ಅದರಿಂದ ಬಂದದ್ದು ಹಾಮೈಸಿನ್ ಎಂಬ ಶಿಲೀಂಧ್ರನಾಶಕ. ಬೆಳೆಗಳ ರೋಗಕ್ಕೆ ಬಳಸುವ ಆರಿಯೊಫಂಗಿನ್ ಕೂಡ ಅದೇ ಮನೆಯ ಕೂಸು. ನಾವು ಕನ್ನಡಿಗರು ಸಿನಿಮಾದವರ ಜನ್ಮದಿನ ಆಚರಿಸುವ ಉತ್ಸಾಹದಲ್ಲಿ ಇಂಥವರ ಹೆಸರು ಶಾಲೆಯ ಪುಸ್ತಕದಲ್ಲೂ ಇಟ್ಟುಕೊಳ್ಳಲಿಲ್ಲ. 1990ರ ದಶಕಕ್ಕೆ ಬರುವಾಗ ಪಿಂಪ್ರಿಯ ಕಾರ್ಖಾನೆಯೇ ರೋಗಗ್ರಸ್ತ ಉದ್ದಿಮೆಗಳ ಸಾಲಿಗೆ ಸೇರಿತ್ತು.

ಖಾಸಗಿಯವರು ಈ ಹುಡುಕಾಟವನ್ನು ಏಕೆ ಬಿಟ್ಟರು ಎಂಬುದಕ್ಕೆ ಎರಡು ಕಾರಣ. ಮೊದಲನೆಯದು ಲ್ಯಾಬಿನದು. ಮಣ್ಣಿನಲ್ಲಿ ಹುಡುಕಿದಷ್ಟೂ ಸಿಕ್ಕಿದ್ದೇ ಸಿಗತೊಡಗಿತು. ತಿಂಗಳುಗಟ್ಟಲೆ ದುಡಿದು ಶುದ್ಧಿ ಮಾಡಿ ನೋಡಿದರೆ ಅದೇ ಸ್ಟ್ರೆಪ್ಟೊಮೈಸಿನ್, ಅದೇ ಟೆಟ್ರಾಸೈಕ್ಲಿನ್. ಎರಡನೆಯದು ಗಲ್ಲಾಪೆಟ್ಟಿಗೆಯದು. ಸಕ್ಕರೆ ಕಾಯಿಲೆಯವರು ಬದುಕಿರುವವರೆಗೂ ಮಾತ್ರೆ ಕೊಳ್ಳುತ್ತಾರೆ, ಆಂಟಿಬಯಾಟಿಕ್ ಐದು ದಿನಕ್ಕೆ ಮುಗಿಯುತ್ತದೆ. ಅದೂ ಹೊಸದಾದರೆ ಡಾಕ್ಟರು ಕಪಾಟಿನಲ್ಲಿ ಎತ್ತಿಟ್ಟು, ಹಳೆಯದೆಲ್ಲ ಸೋತ ಮೇಲೆ ಮಾತ್ರ ಹೊರತೆಗೆಯುತ್ತಾರೆ. ಹಾಗೆ ಮಾಡುವುದೇ ಸರಿ ಕೂಡ. ಆದರೆ ಮಾರಾಟವಾಗದೆ ಕಂಪನಿ ಉಳಿಯುವುದು ಹೇಗೆ? ಅಮೆರಿಕದ ಅಖಾವೊಜೆನ್ ಎಂಬ ಕಂಪನಿಯ ಪ್ಲಾಝೊಮೈಸಿನ್‌ಗೆ 2018ರಲ್ಲಿ ಅಲ್ಲಿಯ ಸರ್ಕಾರದ ಒಪ್ಪಿಗೆ ಸಿಕ್ಕಿತು. 2019ರಲ್ಲಿ ಕಂಪನಿ ದಿವಾಳಿಯೆದ್ದಿತು. ಆ ಔಷಧಿಯ ಹಕ್ಕನ್ನು ಕೊಂಡದ್ದು ಯಾರು ಗೊತ್ತೇ? ಸಿಪ್ಲಾ. ಖ್ವಾಜಾ ಅಬ್ದುಲ್ ಹಮೀದ್ 1935ರಲ್ಲಿ ಕಟ್ಟಿದ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಬೆಲಾಸಿಸ್ ರೋಡಿನ ಬಾಡಿಗೆ ಜಾಗದಲ್ಲಿ ಬೆಳೆದ, 1939ರಲ್ಲಿ ಗಾಂಧೀಜಿ ಬಂದು ನೋಡಿಹೋದ ಸಿಪ್ಲಾ. ಬೆಂಗಳೂರಿನಲ್ಲೂ ಕ್ಷಯರೋಗಕ್ಕೆ ಔಷಧಿ ಹುಡುಕುತ್ತಿದ್ದ ಆಸ್ಟ್ರಾಝೆನೆಕಾದ ಹೆಬ್ಬಾಳದ ಸಂಶೋಧನಾ ಕೇಂದ್ರ 2014ರಲ್ಲಿ ಬಾಗಿಲು ಹಾಕಿತು.

ಎಲ್ಲವೂ ಕತ್ತಲೆಯೇನಲ್ಲ. ಮುಂಬಯಿಯದೇ ವೊಕ್‌ಹಾರ್ಟ್ ಕಂಪನಿ, ಕೇಂದ್ರ ಸರ್ಕಾರದ ಬಿರಾಕ್ ಎಂಬ ಸಂಸ್ಥೆಯ ನೆರವು ಪಡೆದು, ಸುಮಾರು 14 ವರ್ಷ ಕಷ್ಟಪಟ್ಟು ನ್ಯಾಫಿಥ್ರೊಮೈಸಿನ್ ತಂದಿತು. 2024ರ ನವೆಂಬರಿನಲ್ಲಿ ದಿಲ್ಲಿಯಲ್ಲಿ ಅದನ್ನು ಪರಿಚಯಿಸಿದರು. ನ್ಯುಮೋನಿಯಾಕ್ಕೆ ದಿನಕ್ಕೊಂದರಂತೆ ಮೂರು ದಿನ ಸಾಕಂತೆ. ಸಂತೋಷ. ಆದರೆ ಅದು ಎರಿಥ್ರೊಮೈಸಿನ್ ವಂಶದ್ದು ಎಂಬುದನ್ನು ಮರೆಯಬಾರದು. ಎರಿಥ್ರೊಮೈಸಿನ್ ಬಂದದ್ದು ಫಿಲಿಪ್ಪೀನ್ಸಿನ ಇಲೊಯಿಲೊ ಊರಿನ ಮಣ್ಣಿನಿಂದ. 1949ರಲ್ಲಿ ಅಲ್ಲಿಯ ವೈದ್ಯ ಅಬೆಲಾರ್ಡೊ ಅಗಿಲಾರ್ ತನ್ನ ಊರಿನ ಮಣ್ಣನ್ನು ಅಮೆರಿಕದ ಎಲಿ ಲಿಲ್ಲಿ ಕಂಪನಿಗೆ ಕಳಿಸಿದ್ದ. ಹೊಸ ಮೊಮ್ಮಕ್ಕಳು ಹುಟ್ಟುತ್ತಿದ್ದಾರೆ, ಹೊಸ ವಂಶ ಹುಟ್ಟುವುದು ಮಾತ್ರ ಅಪರೂಪ.

ಹೊಸ ವಂಶಕ್ಕಾಗಿ ಜನ ಕಡಲಿನ ಕಡೆ ತಿರುಗಿದ್ದು ಇದೇ ಕಾರಣಕ್ಕೆ. ಕಡಲಿನ ಹಾದಿ ಹೊಸದಲ್ಲ. ಇಟಲಿಯ ಸಾರ್ಡೀನಿಯ ದ್ವೀಪದ ಕಾಲ್ಯಾರಿ ಬಂದರಿನಲ್ಲಿ ಊರಿನ ಕೊಳಚೆ ಕಡಲಿಗೆ ಬೀಳುವ ಜಾಗದ ನೀರನ್ನು 1945ರಲ್ಲಿ ಜುಸೆಪ್ಪೆ ಬ್ರೊಟ್ಸು ಎಂಬ ವೈದ್ಯ ಪರೀಕ್ಷಿಸಿದ. ಅಷ್ಟು ಹೊಲಸಿನಲ್ಲೂ ಟೈಫಾಯಿಡ್ ರೋಗಾಣು ಏಕೆ ಉಳಿಯುವುದಿಲ್ಲ ಎಂಬುದು ಅವನ ಕುತೂಹಲ. ಸಿಕ್ಕಿದ್ದು ಬ್ಯಾಕ್ಟೀರಿಯವಲ್ಲ, ಒಂದು ಬೂಷ್ಟು. ದೊಡ್ಡವರ ಬೆಂಬಲ ಸಿಗದೆ 1948ರಲ್ಲಿ ತನ್ನ ಸಂಸ್ಥೆಯ ಚಿಕ್ಕ ಪತ್ರಿಕೆಯಲ್ಲೇ ಅಚ್ಚು ಹಾಕಿಸಿ, ಬೂಷ್ಟನ್ನು ಆಕ್ಸ್‌ಫರ್ಡಿಗೆ ಕಳಿಸಿದ. ಅಲ್ಲಿ ಎಡ್ವರ್ಡ್ ಏಬ್ರಹಾಂ ಮತ್ತು ಗೈ ನ್ಯೂಟನ್ ಅದರಿಂದ ಸೆಫಲೊಸ್ಪೊರಿನ್ ಸಿ ಬೇರ್ಪಡಿಸಿದರು. 1964ರಿಂದ ಆ ವಂಶದ ಔಷಧಿಗಳು ಪೇಟೆಗೆ ಬಂದವು. ಇಂದು ಬೈಕುಲ್ಲಾದ ಯಾವ ಕೆಮಿಸ್ಟನ ಅಂಗಡಿಯಲ್ಲಾದರೂ ಸಿಗುವ ಸೆಫಿಕ್ಸಿಮ್, ಆಸ್ಪತ್ರೆಯಲ್ಲಿ ಚುಚ್ಚುವ ಸೆಫ್ಟ್ರಿಯಾಕ್ಸೋನ್, ಎಲ್ಲ ಆ ಕೊಳಚೆ ಮೋರಿಯ ಸಂತಾನ. ವರಳಿಯಲ್ಲಿ ನಮ್ಮ ಮುಂಬಯಿಯ ಕೊಳಚೆಯೂ ಪೈಪಿನಲ್ಲಿ ಮೂರು ಕಿಲೋಮೀಟರಿಗೂ ಆಚೆ ಕಡಲಿಗೆ ಬೀಳುತ್ತದೆ.

ನಿಜವಾದ ಕಡಲ ಬ್ಯಾಕ್ಟೀರಿಯದಿಂದ ಮೊದಲು ಸಿಕ್ಕಿದ ಆಂಟಿಬಯಾಟಿಕ್ ಎಂದರೆ 1966ರಲ್ಲಿ ವರದಿಯಾದ ಪೆಂಟಾಬ್ರೊಮೊಸ್ಯೂಡಿಲಿನ್. ಪೋರ್ಟೊ ರಿಕೊ ದ್ವೀಪದ ತೀರದ ಕಡಲಹುಲ್ಲಿನ ಮೇಲಿದ್ದ ಬ್ಯಾಕ್ಟೀರಿಯ ಅದನ್ನು ಕಟ್ಟಿತ್ತು. ಅದರ ಅಣುವಿನ ತೂಕದಲ್ಲಿ ಬಹುಪಾಲು ಬ್ರೋಮಿನ್. ನೆಲದ ಮೇಲಿನ ಜೀವಿಗಳು ಸಾಮಾನ್ಯವಾಗಿ ಕೈಹಾಕದ ಧಾತುವದು. ಕಡಲ ನೀರಿನಲ್ಲಿ ಧಾರಾಳ. ಸಮುದ್ರದ ಜೀವಿಗಳ ರಸಾಯನವೇ ಬೇರೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ? ನಂತರ ಜಪಾನ್ ಸಮುದ್ರದ 289 ಮೀಟರ್ ಆಳದ ಹೂಳಿನಿಂದ ಅಬಿಸ್ಸೊಮೈಸಿನ್, ಕ್ಯಾಲಿಫೋರ್ನಿಯ ತೀರದ ಹೂಳಿನಿಂದ 2013ರಲ್ಲಿ ಆಂತ್ರಾಸಿಮೈಸಿನ್ ಬಂದವು. ಎರಡೂ ಎಂಆರ್‌ಎಸ್‌ಎ ಮೇಲೆ ಕೆಲಸ ಮಾಡಿದವು. ನಮ್ಮಲ್ಲೂ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕಡಲಪಾಚಿಗಳ ಮೇಲೆ ಬದುಕುವ ಬ್ಯಾಕ್ಟೀರಿಯಗಳಲ್ಲಿ ಇಂಥ ಗುಣ ಕಂಡಿದ್ದಾರೆ.

ಓದುಗರಿಗೆ ಸುಳ್ಳು ಆಸೆ ಹುಟ್ಟಿಸಬಾರದು. ಕಡಲ ಬ್ಯಾಕ್ಟೀರಿಯದಿಂದ ನೇರವಾಗಿ ಹುಟ್ಟಿದ ಒಂದು ಆಂಟಿಬಯಾಟಿಕ್ ಕೂಡ ಇನ್ನೂ ಚೀಟಿಯಲ್ಲಿ ಬರೆಯುವಂತಾಗಿಲ್ಲ. ಎಷ್ಟೋ ವಸ್ತುಗಳು ರೋಗಾಣುವಿನ ಜೊತೆಗೆ ನಮ್ಮ ಜೀವಕೋಶಗಳನ್ನೂ ಕೊಲ್ಲುತ್ತವೆ. ಇನ್ನು ಕೆಲವನ್ನು ಮಿಲಿಗ್ರಾಂ ಲೆಕ್ಕದಲ್ಲಿ ತೆಗೆಯಲೂ ಪೀಪಾಯಿಗಟ್ಟಲೆ ಸಾರು ಬೆಳೆಸಬೇಕು. ಎಲ್ಲಕ್ಕಿಂತ ದೊಡ್ಡ ತೊಡಕು ಈ ಜೀವಿಗಳನ್ನು ಬೆಳೆಸುವುದೇ. ನಮ್ಮ ಆಸ್ಪತ್ರೆ ಲ್ಯಾಬಿನ ಪದ್ಧತಿ ರೋಗಾಣುವಿಗೆ ಒಗ್ಗಿದ್ದು: ಮೈ ಶಾಖ, ಒಂದು ರಾತ್ರಿ, ಪುಷ್ಟಿಯಾದ ಆಹಾರ. ಎರಡು ದಿನದೊಳಗೆ ಏನೂ ಬೆಳೆಯದ ತಟ್ಟೆ ಆಟೋಕ್ಲೇವಿಗೆ ಹೋಗುತ್ತದೆ. ಕಡಲಿನದಕ್ಕೆ ಸಮುದ್ರದ ನೀರಿನಲ್ಲೇ ಅಗಾರ್ ಕಾಯಿಸಬೇಕು, ಆಹಾರ ತೆಳುವಾಗಿರಬೇಕು, ಕೋಣೆಯ ತಂಪಿನಲ್ಲಿ ವಾರಗಟ್ಟಲೆ ಕಾಯಬೇಕು. ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಂಸ್ಥೆಯ ಪಾಲ್ ಜೆನ್ಸೆನ್ ಮತ್ತು ವಿಲಿಯಂ ಫೆನಿಕಲ್ ಕಡಲ ತಳದ ಹೂಳಿನಿಂದ ತೆಗೆದ ಸಲಿನಿಸ್ಪೊರಾ ಎಂಬ ಕುಲ ಸಮುದ್ರದ ನೀರಿಲ್ಲದೆ ಬೆಳೆಯುವುದೇ ಇಲ್ಲ. ಅದರಿಂದ ಬಂದ ಸಲಿನೊಸ್ಪೊರಮೈಡ್ ಕ್ಯಾನ್ಸರಿನ ಮೇಲೆ ಮನುಷ್ಯರಲ್ಲಿ ಪರೀಕ್ಷೆಯವರೆಗೂ ಹೋಯಿತು. ಅಷ್ಟು ತಾಳ್ಮೆಯಿಂದ ಕಾದರೂ ಹೂಳಿನಲ್ಲಿರುವುದರಲ್ಲಿ ನೂರಕ್ಕೆ ಒಂದು ಬೆಳೆದರೆ ಹೆಚ್ಚು.

ಆಗರಗಳ ಪಕ್ಕದ ಠಾಣೆ ಖಾಡಿಯ ಕೆಸರು ಪವಿತ್ರವೆಂದೂ ನಾನು ಹೇಳುತ್ತಿಲ್ಲ. ಊರಿನ ಮೋರಿ, ಆಸ್ಪತ್ರೆಯ ತ್ಯಾಜ್ಯ, ಕಾರ್ಖಾನೆಯ ನೀರು ಎಲ್ಲ ಅಲ್ಲಿಗೇ ಸೇರುವುದರಿಂದ, ಔಷಧಿಗೆ ಬಗ್ಗದ ವಿದ್ಯೆಯನ್ನು ಬ್ಯಾಕ್ಟೀರಿಯಗಳು ಪರಸ್ಪರ ಹಂಚಿಕೊಳ್ಳುವುದೂ ಅದೇ ಕೆಸರಿನಲ್ಲಿ. ವಿಷವೂ ಮದ್ದೂ ಒಂದೇ ಕಡೆ ಇರುವ ಜಾಗವನ್ನು ಅಧ್ಯಯನ ಮಾಡದೆ ಮುಚ್ಚುವುದು ಇನ್ನೂ ದೊಡ್ಡ ದಡ್ಡತನ.

ನನ್ನ ಬೇಡಿಕೆ ಸಣ್ಣದು. ಮುಲುಂಡ್, ಭಾಂಡುಪ್, ಕಾಂಜುರ್‌ಮಾರ್ಗ್‌ಗಳ ಆ ಜಮೀನಿಗೆ ಮೊದಲ ಟಿಪ್ಪರ್ ಮಣ್ಣು ಬೀಳುವ ಮೊದಲು ಅಲ್ಲಿಯ ಮಣ್ಣಿನ ಮಾದರಿಗಳನ್ನು ಪದ್ಧತಿಯ ಪ್ರಕಾರ ತೆಗೆಯಬೇಕು. ಮೇಲ್ಪದರದ್ದು, ಮೊಣಕಾಲಾಳದ್ದು, ಹಳೆಯ ನೀರುಗಾಲುವೆಯ ತಳದ್ದು. ಒಂದು ಪಾಲು ಆಳವಾದ ಶೀತದಲ್ಲಿ ಇಡಬೇಕು, ಒಂದು ಪಾಲಿನಿಂದ ಬೆಳೆದದ್ದನ್ನು ಪುಣೆಯ ರಾಷ್ಟ್ರೀಯ ಸೂಕ್ಷ್ಮಜೀವಿ ಸಂಗ್ರಹಕ್ಕೋ ಚಂಡೀಗಢದ ಎಂಟಿಸಿಸಿ ಎಂಬ ಸಂಗ್ರಹಕ್ಕೋ ಒಪ್ಪಿಸಬೇಕು. ಇದರ ಖರ್ಚು ಯೋಜನೆಯವರೇ ಕೊಡಲಿ. ಅವರ ಬಜೆಟ್ಟಿನಲ್ಲಿ ಅದು ಉದ್ಘಾಟನೆಯ ಶಾಮಿಯಾನದ ಬಾಡಿಗೆಗೂ ಸಮನಾಗಲಿಕ್ಕಿಲ್ಲ.

ಉಬ್ಬರದ ನೀರೇ ಬರುವುದಿಲ್ಲವಲ್ಲ, ಅಲ್ಲಿ ಇನ್ನೇನು ಉಳಿದಿದೆ ಎನ್ನುವವರಿಗೆ ಲ್ಯಾಬಿನವಳಾಗಿ ಒಂದು ಉತ್ತರ ಇದೆ. ಮೆರ್ಸಾಸಿಡಿನ್ ಕಟ್ಟಿದ್ದು ಬ್ಯಾಸಿಲಸ್. ಆ ಕುಲದವು ನೀರು, ಆಹಾರ ತಪ್ಪಿದಾಗ ಸಾಯುವುದಿಲ್ಲ, ಸ್ಪೋರ್ ಎಂಬ ಗಟ್ಟಿ ಕವಚದೊಳಗೆ ಮುದುಡಿಕೊಂಡು ದಶಕಗಟ್ಟಲೆ ಕಾಯುತ್ತವೆ. ಕುದಿಯುವ ನೀರಿನಲ್ಲೂ ಎಷ್ಟೋ ಹೊತ್ತು ತಡೆಯುತ್ತವೆ. ನಾವು ಆಟೋಕ್ಲೇವ್ ಸರಿಯಾಗಿ ಕೆಲಸ ಮಾಡಿತೇ ಎಂದು ನೋಡಲು ಬಳಸುವುದೂ ಇವುಗಳ ಹತ್ತಿರದ ಸಂಬಂಧಿಯ ಸ್ಪೋರನ್ನೇ. ಒಣಗಿದ ಆಗರವೆಂದರೆ ಖಾಲಿ ಆಗರವಲ್ಲ.

ಇಂಥದ್ದು ಈ ನಗರದಲ್ಲಿ ಮೊದಲೇನಲ್ಲ. ಕೋಸ್ಟಲ್ ರೋಡ್ ಕಟ್ಟುವಾಗ ಹಾಜಿ ಅಲಿ ಮತ್ತು ವರಳಿಯ ಬಂಡೆಗಳ ಮೇಲಿದ್ದ ಹವಳಗಳನ್ನು 2020ರಲ್ಲಿ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರ ಕೈಯಲ್ಲಿ ಬೇರೆ ಕಡೆಗೆ ಸಾಗಿಸಿದರು. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹವಳ ಇದೆ, ಹಾಗಾಗಿ ಮಾಡಲೇಬೇಕಾಯಿತು. ಠಾಣೆ ಖಾಡಿಯ ಫ್ಲೆಮಿಂಗೊಗಳಿಗೆ 2015ರಲ್ಲಿ ಅಭಯಾರಣ್ಯ ಆಯಿತು, 2022ರಲ್ಲಿ ಜೌಗುಭೂಮಿಗಳಿಗೆ ಕೊಡುವ ಅಂತಾರಾಷ್ಟ್ರೀಯ ರಾಮ್ಸಾರ್ ಪಟ್ಟವೂ ಸಿಕ್ಕಿತು. ಫ್ಲೆಮಿಂಗೊ ತಿನ್ನುವುದೇ ಕೆಸರಿನ ಪಾಚಿ, ಹುಳ. ಅದಕ್ಕೆ ಬಣ್ಣ ಬರುವುದೂ ಅಲ್ಲಿಂದಲೇ. ಹಕ್ಕಿಗೆ ಕಾನೂನಿದೆ, ಹವಳಕ್ಕೆ ಕಾನೂನಿದೆ. ಬ್ಯಾಕ್ಟೀರಿಯಕ್ಕೆ ಇರುವುದು 2002ರ ಜೈವಿಕ ವೈವಿಧ್ಯ ಕಾಯ್ದೆ ಮಾತ್ರ. ಅದು ಸೂಕ್ಷ್ಮಜೀವಿಯನ್ನೂ ನಾಡಿನ ಸಂಪತ್ತೆಂದೇ ಎಣಿಸುತ್ತದೆ, ವಿದೇಶಿ ಕಂಪನಿ ಅದನ್ನು ಬಳಸಿದರೆ ಲಾಭದ ಪಾಲು ಕೊಡಬೇಕೆನ್ನುತ್ತದೆ. ಪ್ರತಿ ಸ್ಥಳೀಯ ಸಂಸ್ಥೆಯೂ ತನ್ನಲ್ಲಿರುವ ಜೀವಸಂಪತ್ತಿನ ದಾಖಲೆ ಇಡಬೇಕೆಂದೂ ಹೇಳುತ್ತದೆ. ಇಲೊಯಿಲೊದ ಅಗಿಲಾರ್‌ಗೆ ಸಿಗದ ರಕ್ಷಣೆ ನಮಗಿದೆ. ಆದರೆ ಮಣ್ಣೇ ಕಾಂಕ್ರೀಟಿನ ಅಡಿಗೆ ಹೋದರೆ ಯಾವ ಪಾಲು, ಯಾರ ಪಾಲು?

ಮನೆ ಬೇಡ ಎಂದು ನಾನು ಬರೆಯುತ್ತಿಲ್ಲ. ಬೈಕುಲ್ಲಾದ ಚಾಳಿನಲ್ಲಿ ಹತ್ತು ಮನೆಗೆ ಒಂದು ಪಾಯಿಖಾನೆಯ ಮುಂದೆ ಡಬ್ಬ ಹಿಡಿದು ನಿಂತವರಿಗೆ ಮನೆಯ ಬೆಲೆ ಗೊತ್ತು. ಉಪ್ಪಿನ ಜಮೀನು ತುಂಬಿದರೆ ಮಳೆಗಾಲದಲ್ಲಿ ನೀರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಬೇರೆ, ಅದನ್ನು ಎಂಜಿನಿಯರುಗಳು ವಾದಿಸಲಿ. ಕಟ್ಟುವುದೇ ಆದರೆ ಕಟ್ಟುವ ಮೊದಲು ಮಾದರಿ ತೆಗೆಯಿರಿ ಎಂಬುದಷ್ಟೇ ನನ್ನ ಮಾತು. ಕಳ್ಳತನವಾದ ಮನೆಗೂ ಪೊಲೀಸರು ಬಂದು ಏನಿತ್ತು, ಏನು ಹೋಯಿತು ಎಂದು ಪಂಚನಾಮೆ ಬರೆಯುತ್ತಾರೆ.

ಮಾದರಿ ತೆಗೆಯುವವರು ಯಾರು ಎಂಬುದೂ ಕಷ್ಟದ ಪ್ರಶ್ನೆಯಲ್ಲ. ಸಾಗರವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಅಂಧೇರಿಯಲ್ಲೇ ಇದೆ, ಮೀನುಗಾರಿಕಾ ಶಿಕ್ಷಣ ಸಂಸ್ಥೆ ವರ್ಸೋವಾದಲ್ಲಿದೆ, ಹಾಫ್‌ಕಿನ್ ಪರೇಲಿನಲ್ಲಿದೆ. ಮುಂಬಯಿಯ ಕಾಲೇಜುಗಳಲ್ಲಿ ಮೈಕ್ರೊಬಯಾಲಜಿ ಓದುವ ಮಕ್ಕಳು ವರ್ಷವೂ ಕಾಲೇಜಿನ ತೋಟದ ಮಣ್ಣು ತಂದು ಪ್ರಾಕ್ಟಿಕಲ್ ಮಾಡಿ ತಟ್ಟೆ ಎಸೆಯುತ್ತಾರೆ. ಅದೇ ಪ್ರಾಕ್ಟಿಕಲನ್ನು ಆಗರದ ಮಣ್ಣಿನಿಂದ ಮಾಡಿಸಬಹುದು. ಅಮೆರಿಕದಲ್ಲಿ ಜೋ ಹ್ಯಾಂಡೆಲ್ಸ್‌ಮನ್ ಎಂಬ ವಿಜ್ಞಾನಿ ಶುರುಮಾಡಿದ ಟೈನಿ ಅರ್ಥ್ ಎಂಬ ಕಾರ್ಯಕ್ರಮದಲ್ಲಿ ಕಾಲೇಜು ವಿದ್ಯಾರ್ಥಿಗಳು ತಮ್ಮ ಊರಿನ ಮಣ್ಣಿನಲ್ಲಿ ಆಂಟಿಬಯಾಟಿಕ್ ಹುಡುಕುತ್ತಾರೆ. ದುಡ್ಡಿಗೂ ಬರ ಇಲ್ಲ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಆಳ ಸಾಗರ ಯೋಜನೆಗೆ 4,077 ಕೋಟಿ ರೂಪಾಯಿ. ಅದರಲ್ಲಿ ಮೂವರನ್ನು 6,000 ಮೀಟರ್ ಆಳಕ್ಕೆ ಇಳಿಸುವ ಯಂತ್ರವೂ ಇದೆ. ಇಳಿಯಲಿ, ಒಳ್ಳೆಯದೇ. ಮುಲುಂಡಿನಲ್ಲಿ ಇಳಿಯಲು ಗಮ್‌ಬೂಟು ಸಾಕು.

ಕರ್ನಾಟಕಕ್ಕೂ ಇದರಲ್ಲಿ ಕೆಲಸವಿದೆ. ನಾನು ಬೆಳೆದದ್ದು ಸಾಣಿಕಟ್ಟಾದ ಉಪ್ಪಿನ ಆಗರಗಳ ಹತ್ತಿರ, ಗೋಕರ್ಣಕ್ಕೆ ಹೋಗುವ ದಾರಿಯಲ್ಲಿ. ಅಘನಾಶಿನಿಯ ಅಳಿವೆಯ ನೀರು ಕಟ್ಟಿ ಇಂದಿಗೂ ಅಲ್ಲಿ ಉಪ್ಪು ತೆಗೆಯುತ್ತಾರೆ, ನಾಗರಬೈಲಿನ ಉಪ್ಪು ತಯಾರಕರ ಸಹಕಾರಿ ಸಂಘ ಅದನ್ನು ನಡೆಸಿಕೊಂಡು ಬಂದಿದೆ. ಅಘನಾಶಿನಿ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ಮನ್ನಣೆ ಸಿಕ್ಕಿತು. ಅಲ್ಲಿಯ ಮಣ್ಣಿನಲ್ಲಿ ಏನಿದೆ ಎಂದು ಹುಡುಕಲು ಯಾವ ಬಿಲ್ಡರನ ಗಡುವೂ ಇಲ್ಲ. ಕುಮಟೆಯಲ್ಲಿ ಮುಂಬಯಿಯ ಹೆಸರಾಂತ ಶಸ್ತ್ರವೈದ್ಯ ಡಾ. ಎ.ವಿ. ಬಾಳಿಗರ ಹೆಸರಿನ ಕಾಲೇಜೇ ಇದೆ. ಅಲ್ಲಿಯ ವಿಜ್ಞಾನದ ಮಕ್ಕಳು ಬಸ್ಸು ಹತ್ತಿ ಹೋಗಿ ಬರಬಹುದು. ಹೋಗುವುದಾದರೆ ಬೇಸಿಗೆಯಲ್ಲಿ, ಉಪ್ಪು ಕಟ್ಟುವ ಹಂಗಾಮಿನಲ್ಲೇ ಹೋಗಲಿ. ಅಗಾರ್ ಕಾಯಿಸಲು ಆಗರದ ನೀರನ್ನೇ ಒಂದು ಕ್ಯಾನಿನಲ್ಲಿ ತರಲಿ, ತಟ್ಟೆಗಳನ್ನು ಎರಡು ದಿನಕ್ಕೆ ಎಸೆಯದೆ ತಿಂಗಳಾದರೂ ಇಟ್ಟು ನೋಡಲಿ. ಮಳೆ ಬಿದ್ದ ಮೇಲೆ ಹೊಳೆಯ ಸಿಹಿನೀರು ಆಗರಕ್ಕೆ ನುಗ್ಗುತ್ತದೆ, ಆಗ ಉಪ್ಪಿಗೆ ಒಗ್ಗಿದ ಜೀವಿಗಳನ್ನು ಬೇರ್ಪಡಿಸುವುದು ಕಷ್ಟ.